ಅನುಸೂಚಿಯೊಳಗಿನ ಐತಿಹ್ಯಗಳು: ಬ್ರಿಟಿಷ್ ಸಂಸದ ಜಾನ್ ಲಬಕ್‌ನ ಬದುಕು ಮತ್ತು ಶಾಸನಕಾರ್ಯ

ಬ್ರಿಟಿಷ್ ಪಾರ್ಲಿಮೆಂಟಿನ ಇತಿಹಾಸದಲ್ಲಿ ಎಂದೂ ಮಂತ್ರಿಯಾಗದೆ, ಪಕ್ಷದ ನಾಯಕನೂ ಆಗದೆ, ದೇಶದ ದೈನಂದಿನ ಬದುಕಿನ ಮೇಲೆ ಶಾಶ್ವತವಾದ ಗುರುತನ್ನು ಉಳಿಸಿ ಹೋದ ಸದಸ್ಯರು ವಿರಳ. ಅಂತಹ ವಿರಳರಲ್ಲಿ ಜಾನ್ ಲಬಕ್ ಒಬ್ಬ. ೧೮೭೦ರಿಂದ ೧೯೦೦ರವರೆಗೆ ಮೂವತ್ತು ವರ್ಷ ಕಾಮನ್ಸ್ ಸಭೆಯ ಸದಸ್ಯನಾಗಿದ್ದ ಈತ ವೃತ್ತಿಯಿಂದ ಬ್ಯಾಂಕರ್, ಪ್ರವೃತ್ತಿಯಿಂದ ಜೀವಿವಿಜ್ಞಾನಿ ಮತ್ತು ಪ್ರಾಗಿತಿಹಾಸಕಾರ. ಜಾನಪದ ಅಧ್ಯಯನದ ಚರಿತ್ರೆಯನ್ನು ಬರೆಯುವವರು ಹತ್ತೊಂಬತ್ತನೆಯ ಶತಮಾನದ ವಿಕಾಸವಾದಿಗಳನ್ನು ಹೆಸರಿಸುವಾಗ ಟೈಲರ್‌ನ ಜೊತೆಗೆ ಲಬಕ್‌ನನ್ನೂ ಒಂದು ವಾಕ್ಯದಲ್ಲಿ ಸ್ಮರಿಸಿ ಮುಂದೆ ಸಾಗುವುದು ರೂಢಿಯಾಗಿದೆ. ಆತನ ಪಾರ್ಲಿಮೆಂಟರಿ ಜೀವನವನ್ನು ರಾಜಕೀಯ ಇತಿಹಾಸಕಾರರಿಗೆ ಬಿಟ್ಟುಕೊಡಲಾಗಿದೆ. ಈ ವಿಭಜನೆ ಸರಿಯಾದುದಲ್ಲ. ಗ್ರಂಥಕರ್ತನಾಗಿ ಲಬಕ್ ಜನಪದರ ನಂಬಿಕೆಗಳ ಬಗೆಗೆ ಏನು ಹೇಳಿದನೋ ಅದಕ್ಕೂ, ಶಾಸನಕರ್ತನಾಗಿ ಆ ನಂಬಿಕೆಗಳಿಂದ ಏನನ್ನು ಪಡೆದುಕೊಂಡನೋ ಅದಕ್ಕೂ ನಡುವೆ ಒಂದು ಬಿರುಕಿದೆ. ಆ ಬಿರುಕು ಕಾಣಬೇಕಾದರೆ ಆತನ ಗ್ರಂಥಗಳನ್ನೂ ಆತ ತಂದ ಕಾಯ್ದೆಗಳನ್ನೂ ಒಟ್ಟಿಗೆ ಓದಬೇಕಾಗುತ್ತದೆ.

ಲಬಕ್ ಜನಿಸಿದ್ದು ೧೮೩೪ರ ಏಪ್ರಿಲ್ ೩೦ರಂದು, ಲಂಡನ್ನಿನಲ್ಲಿ. ತಂದೆ ಸರ್ ಜಾನ್ ವಿಲಿಯಂ ಲಬಕ್ ಬ್ಯಾಂಕಿನ ಒಡೆಯನಾಗಿದ್ದುದಲ್ಲದೆ ಗಣಿತ ಮತ್ತು ಖಗೋಳ ಶಾಸ್ತ್ರಗಳಲ್ಲಿ ಹೆಸರು ಮಾಡಿದ್ದವನು. ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ಸಮೀಪದಲ್ಲಿದ್ದ ಹೈ ಎಲ್ಮ್ಸ್ ಈ ಕುಟುಂಬದ ಮನೆ. ೧೮೪೨ರಲ್ಲಿ ಅದೇ ಡೌನ್ ಹಳ್ಳಿಗೆ ಚಾರ್ಲ್ಸ್ ಡಾರ್ವಿನ್ ಬಂದು ನೆಲೆಸಿದನು. ಎಂಟು ವರ್ಷದ ಬಾಲಕನ ಪಾಲಿಗೆ ಇದು ಮಹತ್ವದ ಘಟನೆಯಾಯಿತು. ಈಟನ್ ಶಾಲೆಗೆ ಸೇರಿದ ಲಬಕ್‌ನನ್ನು ಹದಿನಾಲ್ಕರ ಪ್ರಾಯದಲ್ಲಿಯೇ ತಂದೆ ಶಾಲೆ ಬಿಡಿಸಿ ಬ್ಯಾಂಕಿಗೆ ಕರೆದುಕೊಂಡನು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಆತ ವಿದ್ಯಾರ್ಥಿಯಾಗಿ ಹತ್ತಲೇ ಇಲ್ಲ. ಮುಂದೆ ಇದೇ ವ್ಯಕ್ತಿ ಇಪ್ಪತ್ತು ವರ್ಷ ಲಂಡನ್ ವಿಶ್ವವಿದ್ಯಾಲಯದ ಪದವೀಧರರ ಪ್ರತಿನಿಧಿಯಾಗಿ ಕಾಮನ್ಸ್ ಸಭೆಯಲ್ಲಿ ಕುಳಿತದ್ದು ಗಮನಾರ್ಹ. ಆತನ ನಿಜವಾದ ವಿದ್ಯಾಭ್ಯಾಸ ನಡೆದದ್ದು ನೆರೆಮನೆಯಲ್ಲಿ. ಡಾರ್ವಿನ್‌ನ ಒತ್ತಾಸೆಯಿಂದ ಸೂಕ್ಷ್ಮದರ್ಶಕ ಕೈಗೆ ಬಂತು. ಡಾರ್ವಿನ್ ಸಂಗ್ರಹಿಸಿ ತಂದಿದ್ದ ಸಣ್ಣ ಸಿಗಡಿ ಜಾತಿಯ ಜೀವಿಗಳ ಮೇಲೆ ಆತನ ಮೊದಲ ಲೇಖನ ಹೊರಬಂತು. ೧೮೫೮ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿಗೆ, ರಾಯಲ್ ಸೊಸೈಟಿಯ ಸದಸ್ಯನಾದನು. ೧೮೬೦ರ ಆಕ್ಸ್‌ಫರ್ಡ್ ಸಭೆಯಲ್ಲಿ ವಿಕಾಸವಾದದ ಪರವಾಗಿ ಮಾತನಾಡಿದವರಲ್ಲಿ ಈತನೂ ಇದ್ದನು.

೧೮೬೫ ಲಬಕ್‌ನ ಬದುಕಿನಲ್ಲಿ ತಿರುವಿನ ವರ್ಷ. ತಂದೆ ತೀರಿಕೊಂಡು ಬ್ಯಾರನೆಟ್ ಪದವಿ ಮತ್ತು ಬ್ಯಾಂಕು ಎರಡೂ ಹೆಗಲಿಗೆ ಬಂದವು. ಪಶ್ಚಿಮ ಕೆಂಟ್ ಕ್ಷೇತ್ರದಲ್ಲಿ ಲಿಬರಲ್ ಅಭ್ಯರ್ಥಿಯಾಗಿ ನಿಂತು ಸೋತನು. 'ಪ್ರಿಹಿಸ್ಟಾರಿಕ್ ಟೈಮ್ಸ್' ಎಂಬ ಗ್ರಂಥ ಪ್ರಕಟವಾಯಿತು. ಶಿಲಾಯುಗವೆಂದು ಅದುವರೆಗೆ ಒಂದಾಗಿ ಹೇಳಲಾಗುತ್ತಿದ್ದ ಕಾಲವನ್ನು ಈ ಗ್ರಂಥ ಎರಡಾಗಿ ಒಡೆದು, ಒರಟಾಗಿ ಚಕ್ಕೆ ತೆಗೆದ ಆಯುಧಗಳ ಕಾಲವನ್ನು 'ಪೇಲಿಯೊಲಿಥಿಕ್' ಎಂದೂ, ಉಜ್ಜಿ ನಯಗೊಳಿಸಿದ ಆಯುಧಗಳ ಕಾಲವನ್ನು 'ನಿಯೊಲಿಥಿಕ್' ಎಂದೂ ಕರೆಯಿತು. ಈ ಎರಡು ಪದಗಳು ಲಬಕ್ ಟಂಕಿಸಿದವು. ಕನ್ನಡದಲ್ಲಿ ಹಳೆಯ ಶಿಲಾಯುಗ, ನವಶಿಲಾಯುಗ ಎಂದು ಶಾಲಾ ಪಠ್ಯಗಳಿಂದ ಹಿಡಿದು ಉತ್ಖನನ ವರದಿಗಳವರೆಗೆ ಬಳಸಲ್ಪಡುವ ಮಾತುಗಳು ಇವುಗಳ ಅನುವಾದಗಳೇ. ಬ್ರಹ್ಮಗಿರಿ, ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರುಗಳ ಬಗೆಗೆ ಬರೆಯುವ ಯಾವ ವಿದ್ವಾಂಸನೂ ಈ ಬ್ಯಾಂಕರ್ ಸಂಸದನ ಪದವನ್ನು ಬಳಸದೆ ಬರೆಯಲಾರ.

೧೮೬೮ರಲ್ಲಿ ಮತ್ತೊಮ್ಮೆ ಸೋತ ಲಬಕ್ ೧೮೭೦ರ ಫೆಬ್ರವರಿಯಲ್ಲಿ ಮೇಡ್‌ಸ್ಟನ್ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದು ಪಾರ್ಲಿಮೆಂಟನ್ನು ಪ್ರವೇಶಿಸಿದನು. ಮರುವರ್ಷವೇ, ೧೮೭೧ರ ಮೇ ತಿಂಗಳಲ್ಲಿ, ಆತ ಮಂಡಿಸಿದ ಬ್ಯಾಂಕ್ ರಜೆಗಳ ಮಸೂದೆ ಕಾಯ್ದೆಯಾಯಿತು. ಇದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬ್ಯಾಂಕ್ ಆಫ್ ಇಂಗ್ಲೆಂಡ್ ಒಂದು ಕಾಲಕ್ಕೆ ಸಂತರ ದಿನಗಳೂ ಇತರ ಧಾರ್ಮಿಕ ದಿನಗಳೂ ಸೇರಿ ವರ್ಷಕ್ಕೆ ಸುಮಾರು ಮೂವತ್ತಮೂರು ದಿನ ಬಾಗಿಲು ಮುಚ್ಚುತ್ತಿತ್ತು. ೧೮೩೪ರಲ್ಲಿ, ಎಂದರೆ ಲಬಕ್ ಹುಟ್ಟಿದ ವರ್ಷದಲ್ಲಿಯೇ, ಅವುಗಳನ್ನು ನಾಲ್ಕಕ್ಕೆ ಇಳಿಸಲಾಯಿತು. ಕೈಗಾರಿಕಾ ಯುಗದ ಗಡಿಯಾರ ಹಳೆಯ ಪಂಚಾಂಗವನ್ನು ನುಂಗಿಹಾಕಿತ್ತು ಎನ್ನಬಹುದು. ಇಷ್ಟಾದರೂ ಕುಶಲಕರ್ಮಿಗಳು ಸೋಮವಾರದಂದು ಕೆಲಸಕ್ಕೆ ಹೋಗದೆ ಹೆಂಡದಂಗಡಿಯಲ್ಲಿಯೋ ಆಟದ ಬಯಲಿನಲ್ಲಿಯೋ ಕಾಲ ಕಳೆಯುವ ರೂಢಿಯನ್ನು ಬಿಟ್ಟಿರಲಿಲ್ಲ. ಚರ್ಚಿನ ಯಾವ ಪಟ್ಟಿಯಲ್ಲೂ ಇಲ್ಲದ ಈ ರಜೆಯನ್ನು ಅವರು 'ಸಂತ ಸೋಮವಾರ' ಎಂದು ಕರೆಯುತ್ತಿದ್ದರು. ಮಾಲೀಕರಿಗೆ ಇದು ಸೋಮಾರಿತನ; ಕೆಲಸಗಾರರಿಗೆ ತಾವೇ ಪ್ರತಿಷ್ಠಾಪಿಸಿಕೊಂಡ ಹಬ್ಬ.

ಲಬಕ್‌ನ ಕಾಯ್ದೆ ಇಂಗ್ಲೆಂಡ್, ವೇಲ್ಸ್ ಮತ್ತು ಐರ್ಲೆಂಡಿಗೆ ನಾಲ್ಕು ದಿನಗಳನ್ನು ಗೊತ್ತುಪಡಿಸಿತು: ಈಸ್ಟರ್ ಸೋಮವಾರ, ವ್ಹಿಟ್ ಸೋಮವಾರ, ಆಗಸ್ಟ್ ತಿಂಗಳ ಮೊದಲ ಸೋಮವಾರ ಮತ್ತು ಡಿಸೆಂಬರ್ ೨೬. ಸ್ಕಾಟ್‌ಲೆಂಡಿಗೆ ಬೇರೆ ಪಟ್ಟಿಯಿತ್ತು. ಕಾಯ್ದೆಯ ಭಾಷೆ ಸಂಪೂರ್ಣವಾಗಿ ಲೇವಾದೇವಿಯದು. ಈ ದಿನಗಳಂದು ಸಲ್ಲಬೇಕಾದ ಹುಂಡಿಗಳು ಮರುದಿನ ಸಲ್ಲುತ್ತವೆ, ಅಂದು ಹಣ ಪಾವತಿ ಮಾಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಜನರು ನಲಿಯಬೇಕು, ಸಮುದ್ರತೀರಕ್ಕೆ ಹೋಗಬೇಕು ಎಂಬ ಒಂದು ಮಾತೂ ಅದರಲ್ಲಿಲ್ಲ. ಆದರೆ ಹುಂಡಿ ನಿಂತರೆ ಬ್ಯಾಂಕು ನಿಲ್ಲುತ್ತದೆ, ಬ್ಯಾಂಕು ನಿಂತರೆ ವ್ಯಾಪಾರ ನಿಲ್ಲುತ್ತದೆ ಎಂಬುದು ಬ್ಯಾಂಕರ್ ಆಗಿದ್ದವನಿಗೆ ತಿಳಿಯದ ಸಂಗತಿಯಾಗಿರಲಿಲ್ಲ. 'ಸಾರ್ವತ್ರಿಕ ರಜೆ' ಎಂಬ ಹೆಸರಿನಲ್ಲಿ ಬಂದಿದ್ದರೆ ವಿರೋಧಕ್ಕೆ ಗುರಿಯಾಗಬಹುದಾಗಿದ್ದ ಮಸೂದೆ ಬ್ಯಾಂಕಿನ ವೇಷದಲ್ಲಿ ಸುಲಭವಾಗಿ ದಾಟಿಕೊಂಡಿತು. ೧೮೭೫ರಲ್ಲಿ ಇದನ್ನು ಸುಂಕದ ಕಟ್ಟೆಗಳಿಗೂ ಹಡಗುಕಟ್ಟೆಗಳಿಗೂ ವಿಸ್ತರಿಸಲಾಯಿತು. ಭಾರತದಲ್ಲಿಯೂ ಸರಕಾರಗಳು ಬ್ಯಾಂಕ್ ರಜೆಗಳನ್ನು ಘೋಷಿಸುವುದು ೧೮೮೧ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಇಪ್ಪತ್ತೈದನೆಯ ಸೆಕ್ಷನ್ನಿನ ಅಡಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ಯುಗಾದಿಗೂ ದೀಪಾವಳಿಗೂ ಕಾನೂನಿನ ಆಧಾರ ಹುಂಡಿಯ ವಾಯಿದೆಯೇ ಆಗಿದೆ. ಅಲ್ಲಿ ಹುಂಡಿ ಮರುದಿನ ಸಲ್ಲುತ್ತದೆ, ಇಲ್ಲಿ ಹಿಂದಿನ ವ್ಯವಹಾರದ ದಿನವೇ ಸಲ್ಲಬೇಕು ಎಂಬುದಷ್ಟೇ ಭೇದ.

ನಾಲ್ಕು ದಿನಗಳಲ್ಲಿ ಈಸ್ಟರ್, ವ್ಹಿಟ್ಸನ್ ಮತ್ತು ಕ್ರಿಸ್‌ಮಸ್‌ಗೆ ಅಂಟಿಕೊಂಡ ಮೂರಕ್ಕೆ ಹಬ್ಬದ ಪರಂಪರೆಯಿತ್ತು. ಆಗಸ್ಟಿನ ಸೋಮವಾರಕ್ಕೆ ಅಂತಹ ಹಿನ್ನೆಲೆ ಏನೂ ಇರಲಿಲ್ಲ. ಅದು ಪಾರ್ಲಿಮೆಂಟು ಹುಟ್ಟಿಸಿದ ದಿನ. ಮೊದಲನೆಯದು ೧೮೭೧ರ ಆಗಸ್ಟ್ ೭ರಂದು ಬಂತು. ರೈಲುಗಳು ತುಂಬಿ ತುಳುಕಿದವು, ಲಂಡನ್ನಿನ ಜನ ಸಮುದ್ರತೀರದ ಊರುಗಳಿಗೆ ನುಗ್ಗಿದರು. ಹೆಸರಿಲ್ಲದ ಆ ದಿನಕ್ಕೆ ಜನರೇ ಹೆಸರಿಟ್ಟರು: 'ಸಂತ ಲಬಕ್‌ನ ದಿನ'. ಜನರ ಬಾಯಲ್ಲೂ ಪತ್ರಿಕೆಗಳಲ್ಲೂ ಈ ಹೆಸರು ಬಹುಕಾಲ ಚಲಾವಣೆಯಲ್ಲಿತ್ತು. ಇದನ್ನು ಕೇವಲ ಹಾಸ್ಯವೆಂದು ತಳ್ಳಿಹಾಕುವುದು ಸುಲಭ, ಆದರೆ ಜಾನಪದ ದೃಷ್ಟಿಯಿಂದ ಇದು ಹಾಸ್ಯಕ್ಕಿಂತ ಹೆಚ್ಚಿನದು. 'ಸಂತ ಸೋಮವಾರ'ವನ್ನು ಸೃಷ್ಟಿಸಿದ ಜನಪದ ಮನಸ್ಸೇ ಇಲ್ಲೂ ಕೆಲಸ ಮಾಡಿದೆ. ರಜೆಯೆಂದರೆ ಯಾವನಾದರೊಬ್ಬ ಸಂತನ ಹೆಸರಿನಲ್ಲಿ ಬರಬೇಕಾದುದು ಎಂಬ ಹಳೆಯ ಚೌಕಟ್ಟು ಒಡೆದಿರಲಿಲ್ಲ. ಸಂತರು ತೆರವು ಮಾಡಿದ ಜಾಗಕ್ಕೆ ಜೀವಂತ ಸಂಸದನೊಬ್ಬನನ್ನು ಕೂರಿಸಲಾಯಿತು. ಡಾರ್ವಿನ್‌ನ ಶಿಷ್ಯನಾಗಿದ್ದ ಲಬಕ್‌ಗೆ ಸಂತ ಪದವಿ ಲಭಿಸಿದ್ದು ಆ ಕಾಲದ ವಿನೋದಗಳಲ್ಲೊಂದು.

ಬಿಡುವಿನ ಬಗೆಗಿನ ಕಾಳಜಿ ಅಲ್ಲಿಗೇ ನಿಲ್ಲಲಿಲ್ಲ. ಅಂಗಡಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರ ಕೆಲಸದ ವೇಳೆಯನ್ನು ಮಿತಿಗೊಳಿಸಲು ಲಬಕ್ ದೀರ್ಘಕಾಲ ಹೋರಾಡಿದನು. ೧೮೮೬ರ ಅಂಗಡಿ ವೇಳೆಯ ಕಾಯ್ದೆ ಹದಿನೆಂಟು ವರ್ಷದೊಳಗಿನವರಿಂದ ವಾರಕ್ಕೆ ಎಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ದುಡಿಸಿಕೊಳ್ಳುವಂತಿಲ್ಲ ಎಂದಿತು. ಊಟದ ಬಿಡುವೂ ಸೇರಿ ಎಪ್ಪತ್ತನಾಲ್ಕು ಗಂಟೆ ಎಂಬುದು ಸುಧಾರಣೆ ಎನಿಸಿಕೊಂಡಿತೆಂದರೆ ಅದಕ್ಕೆ ಮುಂಚಿನ ಸ್ಥಿತಿಯನ್ನು ಊಹಿಸಬಹುದು. ೧೮೮೩ರಿಂದ ೧೮೯೯ರವರೆಗೆ ಲಂಡನ್ನಿನ ಶ್ರಮಿಕರ ಕಾಲೇಜಿನ ಪ್ರಾಂಶುಪಾಲನಾಗಿದ್ದ ಆತ ೧೮೮೬ರಲ್ಲಿ ಅಲ್ಲಿ ಮಾಡಿದ ಉಪನ್ಯಾಸದಿಂದ 'ನೂರು ಶ್ರೇಷ್ಠ ಪುಸ್ತಕಗಳು' ಎಂಬ ಪಟ್ಟಿ ಹುಟ್ಟಿಕೊಂಡು ಭಾರಿ ಚರ್ಚೆಗೆ ಕಾರಣವಾಯಿತು. ಅದರಲ್ಲಿ 'ಶಾಕುಂತಲ'ಕ್ಕೆ ಸ್ಥಾನವಿತ್ತು. ಮಹಾಭಾರತ, ರಾಮಾಯಣಗಳೂ ಇದ್ದವು, ಆದರೆ ಟಾಲ್‌ಬಾಯ್ಸ್ ವ್ಹೀಲರ್‌ನ ಭಾರತ ಇತಿಹಾಸದಲ್ಲಿನ ಸಂಗ್ರಹ ರೂಪದಲ್ಲಿ. ಹಾಡುವವನೂ ಕೇಳುವವನೂ ಇಲ್ಲದ ಮಹಾಕಾವ್ಯ!

ಸ್ಮಾರಕಗಳ ರಕ್ಷಣೆ ಲಬಕ್‌ನ ಶಾಸನಕಾರ್ಯದಲ್ಲಿ ಅತ್ಯಂತ ಕಷ್ಟಸಾಧ್ಯವಾದುದು. ವಿಲ್ಟ್‌ಶೈರ್‌ನ ಏವ್‌ಬರಿ ಎಂಬ ಗ್ರಾಮ ಒಂದು ಬೃಹತ್ತಾದ ಶಿಲಾವೃತ್ತದ ಒಳಗೇ ಬೆಳೆದುಕೊಂಡಿದೆ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಅಲ್ಲಿನ ಕಲ್ಲುಗಳನ್ನು ಬೆಂಕಿಯಿಂದ ಕಾಯಿಸಿ, ತಣ್ಣೀರು ಸುರಿದು, ಸೀಳಿಸಿ ಮನೆ ಕಟ್ಟಲು ಬಳಸಿಕೊಳ್ಳಲಾಗಿತ್ತು. ೧೮೭೧ರಲ್ಲಿ ವೃತ್ತದೊಳಗಿನ ಜಮೀನು ಮನೆಗಳ ನಿವೇಶನಗಳಾಗಿ ಹೋಗಲಿದ್ದಾಗ ಲಬಕ್ ತನ್ನ ಹಣದಿಂದ ಅದನ್ನು ಕೊಂಡುಕೊಂಡನು. ಸಮೀಪದಲ್ಲಿಯೇ ಇರುವ ಸಿಲ್‌ಬರಿ ಗುಡ್ಡವೂ ಬಳಿಕ ಆತನ ಸ್ವಾಧೀನಕ್ಕೆ ಬಂತು. ಆದರೆ ಕೊಂಡು ಉಳಿಸಬಹುದಾದ ಸ್ಮಾರಕಗಳಿಗೆ ಮಿತಿಯುಂಟು. ೧೮೭೩ರಲ್ಲಿ ಪ್ರಾಚೀನ ಸ್ಮಾರಕಗಳ ಮಸೂದೆಯನ್ನು ಸಭೆಯ ಮುಂದಿಟ್ಟನು. ಮುಂದಿನ ವರ್ಷಗಳಲ್ಲಿ ಅದು ಮತ್ತೆ ಮತ್ತೆ ಮಂಡನೆಯಾಯಿತು, ಮತ್ತೆ ಮತ್ತೆ ಬಿದ್ದುಹೋಯಿತು.

ವಿರೋಧಿಗಳ ವಾದ ಎರಡು ಬಗೆಯದು. ತನ್ನ ಹೊಲದಲ್ಲಿರುವ ಕಲ್ಲನ್ನು ಏನು ಮಾಡಬೇಕೆಂಬುದು ಒಡೆಯನಿಗೆ ಬಿಟ್ಟ ವಿಚಾರ, ಸರಕಾರ ಅಲ್ಲಿ ಕಾಲಿಡುವುದು ಆಸ್ತಿಹಕ್ಕಿನ ಮೇಲಿನ ಆಕ್ರಮಣ ಎಂಬುದು ಒಂದು. ರೋಮನ್ನರಿಗೂ ಮುಂಚಿನ ಅನಾಗರಿಕರ ಅವಶೇಷಗಳನ್ನು ನಾಗರಿಕ ದೇಶವೊಂದು ಏಕೆ ಕಾಪಾಡಬೇಕು ಎಂಬುದು ಇನ್ನೊಂದು. ಈ ಎರಡನೆಯ ವಾದಕ್ಕೆ ಲಬಕ್‌ನ ಉತ್ತರ ಸ್ಪಷ್ಟವಾಗಿತ್ತು: ಲಿಖಿತ ಇತಿಹಾಸವಿಲ್ಲದ ಕಾಲಕ್ಕೆ ಈ ಕಲ್ಲುಗಳೇ ಇತಿಹಾಸ. ಮೊದಲನೆಯದಕ್ಕೆ ಮಾತ್ರ ಆತ ಮಣಿಯಬೇಕಾಯಿತು. ೧೮೮೦ರ ಚುನಾವಣೆಯಲ್ಲಿ ಮೇಡ್‌ಸ್ಟನ್ ಕೈತಪ್ಪಿ, ಲಂಡನ್ ವಿಶ್ವವಿದ್ಯಾಲಯದ ಕ್ಷೇತ್ರದಿಂದ ಮರಳಿ ಬಂದ ಮೇಲೆ, ಗ್ಲ್ಯಾಡ್‌ಸ್ಟನ್ ಸರಕಾರದ ಪರವಾಗಿ ಶಾ-ಲಫೆವರ್ ಕೈಗೆತ್ತಿಕೊಂಡ ಮಸೂದೆ ೧೮೮೨ರ ಆಗಸ್ಟ್ ೧೮ರಂದು ಕಾಯ್ದೆಯಾಯಿತು. ಆದರೆ ಹಲ್ಲು ಕಿತ್ತ ಕಾಯ್ದೆ. ಒಡೆಯನು ತಾನಾಗಿ ಒಪ್ಪಿದರೆ ಮಾತ್ರ ಸ್ಮಾರಕವನ್ನು ಸರಕಾರದ ಪಾಲನೆಗೆ ಪಡೆಯಬಹುದು. ಹಾನಿ ಮಾಡಿದ ಅನ್ಯರಿಗೆ ಐದು ಪೌಂಡಿನವರೆಗೆ ದಂಡ ಅಥವಾ ಒಂದು ತಿಂಗಳವರೆಗೆ ಸೆರೆ. ಪಾಲನೆಗೆ ಒಪ್ಪಿಸದ ಒಡೆಯನೇ ಒಡೆದುಹಾಕಿದರೆ ಏನೂ ಇಲ್ಲ. ಮೊದಲ ತನಿಖಾಧಿಕಾರಿಯಾಗಿ ೧೮೮೩ರಲ್ಲಿ ನೇಮಕಗೊಂಡವನು ಜನರಲ್ ಪಿಟ್-ರಿವರ್ಸ್. ಮರುವರ್ಷ ಲಬಕ್ ಆತನ ಮಗಳು ಆಲಿಸ್‌ಳನ್ನು ಎರಡನೆಯ ಮದುವೆಯಾದ್ದರಿಂದ ಕಾಯ್ದೆಯ ಕರ್ತೃವೂ ಅದರ ಅಧಿಕಾರಿಯೂ ಅಳಿಯ-ಮಾವಂದಿರಾದರು. ಮಾವ ಅಳಿಯನಿಗಿಂತ ಏಳೇ ವರ್ಷ ಹಿರಿಯ. ಒಡೆಯರ ಮನವೊಲಿಸುತ್ತ ಊರೂರು ತಿರುಗಿದ ಪಿಟ್-ರಿವರ್ಸ್ ೧೮೯೦ರಲ್ಲಿ ಸಂಬಳವನ್ನು ಬಿಟ್ಟುಕೊಟ್ಟು, ೧೯೦೦ರಲ್ಲಿ ಸಾಯುವವರೆಗೆ ಆ ಹುದ್ದೆಯ ಹೆಸರನ್ನು ಉಳಿಸಿಕೊಂಡನು.

ಕಾಯ್ದೆಯ ಪರಿಣಾಮ ಅಲ್ಪವೆಂಬುದನ್ನು ಒಪ್ಪಬೇಕು. ಆದರೆ ಜಾನಪದ ವಿದ್ವಾಂಸರು ನೋಡಬೇಕಾದುದು ಅದರ ಕಲಮುಗಳನ್ನಲ್ಲ, ಕೊನೆಯಲ್ಲಿರುವ ಅನುಸೂಚಿಯನ್ನು. ಬ್ರಿಟನ್ನಿನ ೫೦, ಐರ್ಲೆಂಡಿನ ೧೮, ಒಟ್ಟು ೬೮ ಸ್ಮಾರಕಗಳನ್ನು ಅದು ಪಟ್ಟಿಮಾಡುತ್ತದೆ. ಹೆಸರಿಸದೆ ರಕ್ಷಿಸುವುದು ಸಾಧ್ಯವಿಲ್ಲ. ಕಟ್ಟಿದವರು ಯಾರೆಂದು ಗೊತ್ತಿಲ್ಲದ, ಶಾಸನವೂ ಇಲ್ಲದ ಈ ಕಲ್ಲುಗಳಿಗೆ ಹೆಸರು ಎಲ್ಲಿಂದ ತರಬೇಕು? ಊರಿನವರ ಬಾಯಿಂದಲೇ ತರಬೇಕಾಯಿತು. ಹಾಗಾಗಿ ವಿಕ್ಟೋರಿಯಾ ರಾಣಿಯ ಪಾರ್ಲಿಮೆಂಟು ಅಂಗೀಕರಿಸಿದ ಕಾನೂನಿನಲ್ಲಿ ಉದ್ದದ ಮೆಗ್ ಮತ್ತು ಅವಳ ಹೆಣ್ಣುಮಕ್ಕಳು, ಸೈತಾನನ ಗವಿ, ಅರಸ ಆರ್ಥರನ ಕಲ್ಲು, ವೇಲೆಂಡ್ ಎಂಬ ಕಮ್ಮಾರನ ಕುಲುಮೆ, ಹಾಬ್ ಹರ್ಸ್ಟ್ ಎಂಬ ಭೂತದ ಮನೆ ಇವೆಲ್ಲ ಸಾಲಾಗಿ ಬಂದು ಕುಳಿತವು.

ಪ್ರತಿ ಹೆಸರಿನ ಹಿಂದೆ ಒಂದು ಐತಿಹ್ಯವಿದೆ. ವೇಲೆಂಡನ ಕುಲುಮೆ ವಾಸ್ತವವಾಗಿ ನವಶಿಲಾಯುಗದ ಒಂದು ಸಮಾಧಿ. ಲಾಳ ಕಳೆದುಕೊಂಡ ಕುದುರೆಯನ್ನು ಅಲ್ಲಿ ಕಟ್ಟಿ, ಕಲ್ಲಿನ ಮೇಲೆ ಒಂದು ನಾಣ್ಯವಿಟ್ಟು ಮರೆಯಾದರೆ, ಹಿಂದಿರುಗಿ ಬರುವಷ್ಟರಲ್ಲಿ ನಾಣ್ಯ ಮಾಯವಾಗಿ ಕುದುರೆಗೆ ಲಾಳ ಬಿದ್ದಿರುತ್ತದೆ ಎಂಬ ನಂಬಿಕೆ ಹದಿನೆಂಟನೆಯ ಶತಮಾನದಲ್ಲಿಯೇ ದಾಖಲಾಗಿದೆ. ಸಿಲ್‌ಬರಿ ಗುಡ್ಡದೊಳಗೆ ಸಿಲ್ ಎಂಬ ಅರಸ ಕುದುರೆಯ ಸಮೇತ ಹೂಳಲ್ಪಟ್ಟಿದ್ದಾನೆ. ವೇಲ್ಸಿನ ಗವರ್ ಪ್ರದೇಶದ ಕಲ್ಲು ಆರ್ಥರ್ ತನ್ನ ಪಾದರಕ್ಷೆಯಲ್ಲಿ ಸಿಕ್ಕ ಹರಳನ್ನು ಕಿತ್ತೆಸೆದದ್ದು. ಭೀಮನು ಎಸೆದ ಗುಂಡು, ಭೀಮನ ಹೆಜ್ಜೆಗಳ ಕಥೆ ಕೇಳಿದ ಕನ್ನಡಿಗರಿಗೆ ಈ ಹರಳು ಅಪರಿಚಿತವೆನಿಸದು. ಇನ್ನು ಸ್ಟ್ಯಾಂಟನ್ ಡ್ರೂ ಎಂಬಲ್ಲಿನ ಕಲ್ಲುಗಳು ಮದುವೆಯ ದಿಬ್ಬಣದವರು. ಶನಿವಾರ ಕುಣಿಯತೊಡಗಿದವರು ನಡುರಾತ್ರಿ ದಾಟಿ ಭಾನುವಾರ ಬಂದರೂ ನಿಲ್ಲಿಸಲಿಲ್ಲ. ಸೈತಾನನೇ ವಾದ್ಯ ನುಡಿಸಿದನು, ಬೆಳಗಾಗುವಾಗ ಎಲ್ಲರೂ ಕಲ್ಲಾಗಿದ್ದರು. ವಾರವಿಡೀ ದುಡಿದು, ಭಾನುವಾರ ಕುಣಿಯುವುದು ಪಾಪವಾಗಿದ್ದ ಸಮಾಜದ ಇಕ್ಕಟ್ಟು ಈ ಕಥೆಯಲ್ಲಿ ಹೆಪ್ಪುಗಟ್ಟಿದೆ. ಆ ಇಕ್ಕಟ್ಟಿಗೆ ಸೋಮವಾರದ ರಜೆಯನ್ನು ಒದಗಿಸಿದವನೂ ಈ ಕಲ್ಲುಗಳನ್ನು ಪಟ್ಟಿಗೆ ಸೇರಿಸಿದವನೂ ಒಬ್ಬನೇ ಎಂಬುದನ್ನು ಲಬಕ್‌ನ ಜೀವನಚರಿತ್ರೆಯಲ್ಲಿ ಹೇಳಬೇಕಾಗುತ್ತದೆ.

ಈಗ ಇದೇ ಲಬಕ್‌ನ ಗ್ರಂಥಗಳ ಕಡೆಗೆ ತಿರುಗಿದರೆ ಬೇರೊಬ್ಬ ವ್ಯಕ್ತಿ ಎದುರಾಗುತ್ತಾನೆ. ಪಾರ್ಲಿಮೆಂಟಿಗೆ ಬಂದ ವರ್ಷವೇ ಪ್ರಕಟವಾದ 'ದಿ ಆರಿಜಿನ್ ಆಫ್ ಸಿವಿಲೈಜೇಶನ್' ಗ್ರಂಥದಲ್ಲಿ ಆತ ಮನುಕುಲದ ಧಾರ್ಮಿಕ ಬದುಕನ್ನು ಮೆಟ್ಟಿಲುಗಳಾಗಿ ಜೋಡಿಸಿದನು. ಕೆಳಗಿನ ಮೆಟ್ಟಿಲಲ್ಲಿ ದೇವರ ಕಲ್ಪನೆಯೇ ಇಲ್ಲದ ಸ್ಥಿತಿ, ಅದರ ಮೇಲೆ ವಸ್ತುಪೂಜೆ, ನಿಸರ್ಗಪೂಜೆ, ಶಾಮನ ಪದ್ಧತಿ, ವಿಗ್ರಹಾರಾಧನೆ ಹೀಗೆ. ಜಗತ್ತಿನ ಬುಡಕಟ್ಟುಗಳು ಒಂದೊಂದು ಮೆಟ್ಟಿಲಿನಲ್ಲಿ ನಿಂತುಹೋದವರಾಗಿ ಚಿತ್ರಿತರಾದರು. ಆಧಾರಗಳು ಯಾವುವು? ನಾವಿಕರ, ಪಾದ್ರಿಗಳ, ಪ್ರವಾಸಿಗಳ ಬರವಣಿಗೆಗಳು. ಆ ಜನರ ಭಾಷೆಯನ್ನು ಕಲಿತು, ಅವರ ನಡುವೆ ಕುಳಿತು ಕೇಳಿದ ಮಾಹಿತಿ ಆತನದಲ್ಲ. ಧರ್ಮವೇ ಇಲ್ಲದ ಬುಡಕಟ್ಟುಗಳಿವೆ ಎಂಬ ವಾದವನ್ನು ಮರುವರ್ಷವೇ ಟೈಲರ್ ತನ್ನ 'ಪ್ರಿಮಿಟಿವ್ ಕಲ್ಚರ್' ಗ್ರಂಥದಲ್ಲಿ ಪ್ರಶ್ನಿಸಿದನು. ಹೀಗಿದ್ದೂ ೧೮೭೧ರಲ್ಲಿ ಎರಡು ಸಂಸ್ಥೆಗಳು ಕೂಡಿ ಆಂತ್ರಪಾಲಜಿಕಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾದಾಗ ಅದರ ಪ್ರಥಮ ಅಧ್ಯಕ್ಷನಾದವನು ಲಬಕ್. ಮಾನವರೆಲ್ಲರೂ ಒಂದೇ ಮೂಲದವರು, ಯುರೋಪಿಯನ್ನರೂ ಒಮ್ಮೆ ಆ ಕೆಳಗಿನ ಮೆಟ್ಟಿಲಲ್ಲಿದ್ದವರೇ ಎಂಬ ಆತನ ನಿಲುವು ಆ ಕಾಲದ ಜನಾಂಗವಾದಿಗಳಿಗಿಂತ ಉದಾರವಾದುದು ನಿಜ. ಆದರೆ ಮೆಟ್ಟಿಲನ್ನು ಕಟ್ಟಿದವನು ತಾನು ಮೇಲೆ ನಿಂತೇ ಕಟ್ಟಿದ್ದಾನೆ.

ಆತ ಮತ್ತೆ ಮತ್ತೆ ಎತ್ತುವ ಒಂದು ನಿದರ್ಶನ ಎಣಿಕೆಯದು. ಅನೇಕ ಬುಡಕಟ್ಟುಗಳ ಭಾಷೆಯಲ್ಲಿ ನಾಲ್ಕರ ಮೇಲೆ ಸಂಖ್ಯಾವಾಚಕಗಳಿಲ್ಲ, ಇದು ಬೌದ್ಧಿಕ ಕೆಳಮಟ್ಟದ ಕುರುಹು ಎಂಬುದು ಆತನ ವಾದ. ಲಬಕ್‌ನ ಮತಕ್ಷೇತ್ರವಾಗಿದ್ದ ಮೇಡ್‌ಸ್ಟನ್‌ಗೆ ಸಮೀಪದಲ್ಲಿ ಕಿಟ್ಸ್ ಕೋಟಿ ಹೌಸ್ ಎಂಬ ಕಲ್ಮನೆಯಿದೆ, ಅದೂ ಅನುಸೂಚಿಯಲ್ಲಿದೆ. ಅದರ ಬಳಿಯ ಇನ್ನೊಂದು ಸಮಾಧಿಯ ಕಲ್ಲುಗಳಿಗೆ 'ಎಣಿಸಲಾಗದ ಕಲ್ಲುಗಳು' ಎಂದೇ ಹೆಸರು. ರೋಲ್‌ರೈಟ್‌ನಲ್ಲಿ ಕಲ್ಲಾಗಿ ನಿಂತ ಅರಸನ ಸೈನಿಕರನ್ನೂ, ಉದ್ದದ ಮೆಗ್‌ಳ ಹೆಣ್ಣುಮಕ್ಕಳನ್ನೂ ಎರಡು ಬಾರಿ ಎಣಿಸಿದರೆ ಒಂದೇ ಲೆಕ್ಕ ಬಾರದು ಎಂಬ ನಂಬಿಕೆಯಿದೆ. ಕೆಂಟಿನ ರೈತನಿಗೆ ಎಣಿಸಲು ಬರುತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಎಣಿಕೆಗೆ ಒಗ್ಗದಿರುವುದು ಇಲ್ಲಿ ಕಲ್ಲಿನ ಮಹಿಮೆಯೇ ಹೊರತು ಎಣಿಸುವವನ ಕೊರತೆಯಲ್ಲ; ಎಣಿಸಬಾರದೆಂಬ ನಿಷೇಧವೇ ಎಣಿಸಲಾಗದೆಂಬ ಕಥೆಯಾಗಿದೆ ಎನ್ನಬಹುದು. ಲೆಕ್ಕಕ್ಕೆ ಸಿಕ್ಕದ್ದನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಆಸ್ಟ್ರೇಲಿಯಾದ ಎಣಿಕೆಯನ್ನು ಪ್ರವಾಸಿಗರ ಪುಸ್ತಕದಲ್ಲಿ ಓದಿ ತೀರ್ಪು ಕೊಟ್ಟ ವಿದ್ವಾಂಸನು ನೆರೆಯ ಈ ಮಾತನ್ನು ತನ್ನ ಸಿದ್ಧಾಂತದ ಎದುರು ಇಟ್ಟು ನೋಡಲಿಲ್ಲ. ಆ ಕೆಲಸ ಬೇರೆಯವರಿಂದ ಆಯಿತು. ಆರ್ಥರ್ ಇವಾನ್ಸ್ ೧೮೯೫ರಲ್ಲಿ 'ಫೋಕ್-ಲೋರ್' ಪತ್ರಿಕೆಯಲ್ಲಿ ರೋಲ್‌ರೈಟ್ ಕಲ್ಲುಗಳ ಜಾನಪದವನ್ನು ಕುರಿತು ಬರೆದ ಲೇಖನ ಈ ದಿಸೆಯಲ್ಲಿ ಮಾದರಿಯಾಗಿದೆ. ಕಾಯ್ದೆ ಹೆಸರನ್ನು ಉಳಿಸಿತ್ತು, ಕಥೆಯನ್ನು ಅಲ್ಲ.

ಲಬಕ್‌ನ ಪದಗಳು ಕರ್ನಾಟಕಕ್ಕೆ ಬಂದ ಬಗೆಯನ್ನು ಮೇಲೆ ಸೂಚಿಸಲಾಗಿದೆ. ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಕಂಡುಹಿಡಿದ ರಾಬರ್ಟ್ ಬ್ರೂಸ್ ಫೂಟ್ ಮುಂದೆ ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ಪರಿಶೀಲಿಸಿ, ಅವು ನವಶಿಲಾಯುಗದ ದನಗಾಹಿಗಳು ಸುಟ್ಟ ಸೆಗಣಿಯ ರಾಶಿಗಳೆಂದು ಹೇಳಿದನು. ಆಲ್ಚಿನ್‌ನ ಸಂಶೋಧನೆ ಇಪ್ಪತ್ತನೆಯ ಶತಮಾನದಲ್ಲಿ ಇದನ್ನು ಸಮರ್ಥಿಸಿತು. ಆದರೆ ಹಂಪೆಯ ಸಮೀಪದ ನಿಂಬಾಪುರದ ಜನರಿಗೆ ಅಲ್ಲಿನ ಬೂದಿ ವಾಲಿಯನ್ನು ದಹಿಸಿದ ಚಿತಾಭಸ್ಮ. ಹಿರೇಬೆಣಕಲ್ಲಿನ ಕಲ್ಮನೆಗಳು ಕುಳ್ಳರಾದ ಮೋರ್ಯರ ಮನೆಗಳು. ಇಂಗ್ಲೆಂಡಿನಂತೆ ಇಲ್ಲಿಯೂ ಸ್ಮಾರಕಗಳು ಉಳಿದುಬಂದಿರುವುದರಲ್ಲಿ ಇಂತಹ ಭಯಭಕ್ತಿಗಳ ಪಾಲು ಸಣ್ಣದಲ್ಲ.

ಕಾಯ್ದೆ ಇಲ್ಲಿಗೆ ಬಂದದ್ದು ೧೯೦೪ರಲ್ಲಿ, ಕರ್ಜನ್‌ನ ಆಡಳಿತದಲ್ಲಿ. ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಲಬಕ್‌ನ ಕಾಯ್ದೆಯನ್ನು ನೆನಪಿಸುತ್ತದೆ, ಅಧಿಕಾರದ ಪ್ರಮಾಣ ಮಾತ್ರ ಬೇರೆ. ಅಪಾಯದಲ್ಲಿರುವ ಸ್ಮಾರಕವನ್ನು ಒಡೆಯನ ಒಪ್ಪಿಗೆಯಿಲ್ಲದೆಯೂ ಭೂಸ್ವಾಧೀನ ಮಾಡಿಕೊಳ್ಳುವ ಅವಕಾಶ ಇದರಲ್ಲಿತ್ತು. ಧಾರ್ಮಿಕ ಆಚರಣೆ ನಡೆಯುವ ಸ್ಮಾರಕಗಳನ್ನು ಇದರಿಂದ ಹೊರಗಿಡಲಾಗಿತ್ತು. ತನ್ನ ದೇಶದ ಭೂಮಾಲೀಕನ ಹೊಲಕ್ಕೆ ಕಾಲಿಡಲು ಹತ್ತು ವರ್ಷ ಹಿಂಜರಿದು ಕೊನೆಗೂ ಬಾಗಿಲಲ್ಲೇ ನಿಂತ ಆಳ್ವಿಕೆಗೆ ವಸಾಹತುವಿನ ಹೊಲಕ್ಕೆ ನುಗ್ಗಲು ಅಂತಹ ಸಂಕೋಚವೇನೂ ಇರಲಿಲ್ಲ. ಬಳ್ಳಾರಿ, ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬಂದವು. ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳ ದಾರಿ ಬೇರೆಯಾಗಿತ್ತು.

ಲಬಕ್‌ನ ಉಳಿದ ಪಾರ್ಲಿಮೆಂಟರಿ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. ೧೮೮೨ರಲ್ಲಿ ಡಾರ್ವಿನ್ ತೀರಿಕೊಂಡಾಗ, ಆತನನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡಬೇಕೆಂಬ ಮನವಿಗೆ ಕಾಮನ್ಸ್ ಸಭೆಯ ಇಪ್ಪತ್ತು ಸದಸ್ಯರ ಸಹಿ ಸಂಗ್ರಹಿಸಿದವನು ಈತ. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿಯೂ ಒಬ್ಬ. ಅದೇ ವರ್ಷ ಇರುವೆ, ಜೇನು, ಕಣಜಗಳನ್ನು ಕುರಿತ ಆತನ ಪ್ರಸಿದ್ಧ ಗ್ರಂಥ ಹೊರಬಂತು. 'ಪಂಚ್' ಪತ್ರಿಕೆ ಆತನನ್ನೇ ಜೇನುಹುಳುವಾಗಿ ಚಿತ್ರಿಸಿ ನಕ್ಕಿತು. ಮನೆಯಲ್ಲಿ ಸಾಕಿದ ರಾಣಿ ಇರುವೆಯೊಂದು ಹದಿನಾಲ್ಕು ವರ್ಷಕ್ಕೂ ಹೆಚ್ಚು ಬದುಕಿತ್ತು. ಹಲವು ಸರಕಾರಗಳಿಗಿಂತ ದೀರ್ಘ ಆಯುಸ್ಸು. ೧೮೮೪ರಲ್ಲಿ ಪ್ರಮಾಣಾನುಗತ ಪ್ರಾತಿನಿಧ್ಯಕ್ಕಾಗಿ ಒಂದು ಸಂಘವನ್ನು ಕಟ್ಟಿದನು. ೧೮೮೬ರಲ್ಲಿ ಐರ್ಲೆಂಡಿನ ಸ್ವಯಂ ಆಡಳಿತದ ಪ್ರಶ್ನೆಯಲ್ಲಿ ಗ್ಲ್ಯಾಡ್‌ಸ್ಟನ್‌ನನ್ನು ತೊರೆದು ಲಿಬರಲ್ ಯೂನಿಯನಿಸ್ಟರ ಜೊತೆ ಸೇರಿದನು. ೧೮೯೦ರಿಂದ ೧೮೯೨ರವರೆಗೆ ಲಂಡನ್ ಕೌಂಟಿ ಕೌನ್ಸಿಲಿನ ಅಧ್ಯಕ್ಷನಾಗಿದ್ದನು.

೧೯೦೦ರಲ್ಲಿ ಲಾರ್ಡ್ ಪದವಿ ದೊರೆತಾಗ ಆತ ಆರಿಸಿಕೊಂಡ ಹೆಸರು ಏವ್‌ಬರಿ. ಹೈ ಎಲ್ಮ್ಸ್‌ನ ಹೆಸರನ್ನಾಗಲಿ ಡೌನ್‌ನ ಹೆಸರನ್ನಾಗಲಿ ಅಲ್ಲ, ತಾನು ಕೊಂಡು ಉಳಿಸಿದ ಶಿಲಾವೃತ್ತದ ಹೆಸರನ್ನು. ಅದೇ ವರ್ಷದ ಇನ್ನೊಂದು ಕಾಯ್ದೆ ರಕ್ಷಣೆಯನ್ನು ಮಧ್ಯಯುಗದ ಕಟ್ಟಡಗಳಿಗೂ ವಿಸ್ತರಿಸಿತು. ಒಡೆಯ ಒಪ್ಪದಿದ್ದರೂ ಸ್ಮಾರಕದ ನಾಶವನ್ನು ತಡೆಯಬಲ್ಲ ಅಧಿಕಾರ ಬ್ರಿಟನ್ನಿನಲ್ಲಿ ಸರಕಾರಕ್ಕೆ ದೊರೆತದ್ದು ೧೯೧೩ರ ಆಗಸ್ಟ್ ೧೫ರ ಕಾಯ್ದೆಯಿಂದ. ಆ ವೇಳೆಗೆ ಲಬಕ್ ಇರಲಿಲ್ಲ. ಆ ವರ್ಷದ ಮೇ ೨೮ರಂದು ಕೆಂಟಿನ ಕಿಂಗ್ಸ್‌ಗೇಟ್‌ನಲ್ಲಿ ತೀರಿಕೊಂಡಿದ್ದನು. 'ಪ್ರಿಹಿಸ್ಟಾರಿಕ್ ಟೈಮ್ಸ್' ಗ್ರಂಥದ ಏಳನೆಯ ಆವೃತ್ತಿಯೂ ಅದೇ ವರ್ಷ ಬಂತು. ಆಗಸ್ಟಿನ ರಜೆಯನ್ನು ೧೯೬೫ರಿಂದ ಪ್ರಾಯೋಗಿಕವಾಗಿ, ೧೯೭೧ರ ಕಾಯ್ದೆಯಿಂದ ಖಾಯಂ ಆಗಿ, ಇಂಗ್ಲೆಂಡಿನಲ್ಲಿ ತಿಂಗಳ ಕೊನೆಗೆ ಸರಿಸಲಾಯಿತು. ಕೆರಿಬಿಯನ್ ದ್ವೀಪಗಳಿಂದ ಬಂದ ಜನ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ತಮ್ಮ ಕಾರ್ನಿವಲ್ ನಡೆಸುವುದು ಆ ಸೋಮವಾರವೇ. ಸಂತ ಲಬಕ್‌ನ ಹೆಸರು ಇಂದು ಅಲ್ಲಿ ಯಾರ ಬಾಯಲ್ಲಿಯೂ ಇಲ್ಲ. ಉದ್ದದ ಮೆಗ್ ಮತ್ತು ಅವಳ ಹೆಣ್ಣುಮಕ್ಕಳು ಮಾತ್ರ ಅದೇ ಹೆಸರಿನಿಂದ ಅಲ್ಲಿಯೇ ನಿಂತಿದ್ದಾರೆ.